ಹೆಸರು ಹಿಡಿದು ಕರೆಸಿದ್ದು

ಅರುಣಾ ಆಡಿದ್ದು ಒಂದೇ ಒಂದು ಮಾತು. ಅದೂ ಬುಧವಾರ ಬೆಳಿಗ್ಗೆ, ಅಪ್ಪ ಗಂಗಾಧರಪ್ಪನವರ ತಟ್ಟೆಗೆ ಎರಡನೇ ರೊಟ್ಟಿ ಹಾಕುತ್ತಾ, ಚಟ್ನಿ ಬೇಕಾ ಎಂದು ಕೇಳಿದಷ್ಟೇ ಸಲೀಸಾಗಿ. "ಅಪ್ಪಾಜಿ, ಅಂಗಳದಲ್ಲಿರೋ ಕಾಯಿ ಮಳೆಗೆ ಸಿಕ್ಕಿದ್ರೆ ಕೊಬ್ಬರಿ ಕೆಟ್ಟೋಗುತ್ತೆ. ನಾಳೆ ನಾಡಿದ್ದರಲ್ಲಿ ಅಟ್ಟಕ್ಕೆ ಹಾಕ್ಸಿಬಿಡಿ. ಬೋರಯ್ಯನ ಮನೆಯವರನ್ನೇ ಕರೆಸಿ. ಹೇಮಾಶ್ರೀ ಎಸೆದಂಗೆ ಬೇರೆ ಯಾರೂ ಎಸೆಯಲ್ಲ." ಮಗಳಿಗೆ ಅಂತೂ ಮನೆಯ ಕಡೆ ಗಮನ ಬಂತಲ್ಲ ಎಂದು ಗಂಗಾಧರಪ್ಪ ಹಿಗ್ಗಿದರು. ಅವರಿಗೇನು ಗೊತ್ತು, ಪಾಪ. ಆ ಮಾತಿನೊಳಗೆ ಎಷ್ಟು ವಿಷ ಇತ್ತು ಅನ್ನುವುದು ಆಡಿದವಳಿಗೆ ಮಾತ್ರ ಗೊತ್ತಿತ್ತು.

ಕಣಕಟ್ಟೆಯ ಸುತ್ತಮುತ್ತ ತೆಂಗಿನ ತೋಟ ಇದ್ದವರ ಮನೆಯಲ್ಲಿ ಅಟ್ಟ ಇದ್ದೇ ಇರುತ್ತದೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಹೆಚ್ಚು ಕಡಿಮೆ ಒಂದು ವರ್ಷ ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಏರಿಸುವುದು ಎಂದರೆ ಬುಟ್ಟಿಯಲ್ಲಿ ಹೊತ್ತು ಏಣಿ ಹತ್ತುವುದು ಎಂದುಕೊಳ್ಳಬೇಡಿ, ಹಾಗೆ ಮಾಡಿದರೆ ಯುಗಾದಿಗೂ ಮುಗಿಯುವುದಿಲ್ಲ. ಕೆಳಗೆ ನಿಂತವರು ಮೊಣಕಾಲು ಬಗ್ಗಿಸಿ, ತೊಡೆಯ ಪಕ್ಕದಿಂದ ಕೈ ಬೀಸಿ ಒಂದೊಂದೇ ಕಾಯಿಯನ್ನು ಮೇಲಕ್ಕೆ ಎಸೆಯಬೇಕು. ಅಟ್ಟದ ಬಾಯಲ್ಲಿ ಕೂತವರು ಅದನ್ನು ಹಿಡಿದು ಒಳಗೆ ಜೋಡಿಸಬೇಕು. ಹೇಮಾಶ್ರೀ ಅಪ್ಪನ ಜೊತೆ ಈ ಕೆಲಸಕ್ಕೆ ಹತ್ತು ವರ್ಷದವಳಿದ್ದಾಗಿನಿಂದ ಬರುತ್ತಿದ್ದಳು. ಅಪ್ಪ ಬೋರಯ್ಯನಿಗೆ ಊರಾಚೆ ಒಂದೂವರೆ ಎಕರೆ ರಾಗಿ ಹೊಲ ಇತ್ತು, ಆದರೆ ಮನೆ ನಡೆಯುತ್ತಿದ್ದುದು ಇಪ್ಪತ್ತು ವರ್ಷದಿಂದ ಗಂಗಾಧರಪ್ಪನವರ ಕಾಯಿ ಕೆಲಸದಿಂದಲೇ.

ಈ ಅಟ್ಟಕ್ಕೂ ಸಾಫ್ಟ್‌ಬಾಲಿಗೂ ಏನು ಸಂಬಂಧ ಎನ್ನುತ್ತೀರಿ. ಇದೆ. ಅರಸೀಕೆರೆಯ ಕಾಲೇಜಿನಲ್ಲಿ ಹುಡುಗಿಯರಿಗೆ ಆ ಆಟದ ಹುಚ್ಚು ಹಿಡಿಸಿದವರು ದೈಹಿಕ ಶಿಕ್ಷಣದ ರವಿಕುಮಾರ್ ಸರ್. ಚೆಂಡು ಕ್ರಿಕೆಟ್ಟಿನದಕ್ಕಿಂತ ದೊಡ್ಡದು, ಬ್ಯಾಟು ದುಂಡನೆಯದು, ಚೆಂಡು ಎಸೆಯುವವಳಿಗೆ ಪಿಚರ್ ಎಂದು ಹೆಸರು. ಪಿಚರ್ ಕೈಯನ್ನು ಒಂದು ಸುತ್ತು ತಿರುಗಿಸಿ, ಸೊಂಟದ ಕೆಳಗಿನಿಂದಲೇ ಚೆಂಡನ್ನು ಬಿಡಬೇಕು. "ಚೆಂಡು ಹೊರಡೋದು ಹಿಮ್ಮಡಿಯಿಂದ ಕಣ್ರಮ್ಮ, ಮೊಣಕಾಲು ದಾಟಿ ಸೊಂಟದಲ್ಲಿ ತಿರುಗುತ್ತೆ, ಕೈ ಅದನ್ನ ಬೀಳ್ಕೊಡುತ್ತೆ ಅಷ್ಟೆ" ಎಂದು ಸರ್ ದಿನಾ ಹೇಳುತ್ತಿದ್ದರು. ಅದಕ್ಕೇ ಹುಡುಗಿಯರನ್ನು ಕುಕ್ಕರುಗಾಲಲ್ಲಿ ಕೂರಿಸಿ ಏಳಿಸಿದರು, ಮೆಟ್ಟಿಲ ಮೇಲೆ ಜೋಡಿಗಾಲಲ್ಲಿ ಜಿಗಿಸಿದರು, ಮರಳು ತುಂಬಿದ ಚೆಂಡನ್ನು ಗೋಡೆಗೆ ಎಸೆಸಿದರು. ಹೊಡೆತಕ್ಕೆ ಬಲ ಬರಲಿ ಎಂದು ಲಾರಿಯ ಹಳೇ ಟೈರಿಗೆ ಬ್ಯಾಟಿನಿಂದ ಬಾರಿಸುವುದಕ್ಕೆ ಹಚ್ಚಿದರು. ಪ್ರಿನ್ಸಿಪಾಲರು ಇದೆಂಥಾ ಸದ್ದು ಎಂದು ಎರಡು ಸಲ ಎದ್ದು ಬಂದು ನೋಡಿದ್ದರು.

ಅರುಣಾ ಇದನ್ನೆಲ್ಲ ಎಂಟು ತಿಂಗಳು ಶ್ರದ್ಧೆಯಿಂದ ಮಾಡಿದಳು, ಸುಳ್ಳು ಹೇಳಬಾರದು. ಅಪ್ಪ ಡಂಬೆಲ್ ತಂದುಕೊಟ್ಟರು, ಎಳೆಯುವ ರಬ್ಬರ್ ಪಟ್ಟಿ ತಂದುಕೊಟ್ಟರು. ಮೊಟ್ಟೆ ತಿನ್ನಿ ಎಂಬ ಸರ್ ಮಾತು ಆ ಮನೆಯಲ್ಲಿ ನಡೆಯುವಂಥದ್ದಾಗಿರಲಿಲ್ಲ. ಹಾಗಾಗಿ ಅಮ್ಮ ಶಿವಗಂಗಮ್ಮ ನೆನೆಸಿದ ಬಾದಾಮಿ, ಮೊಳಕೆ ಕಾಳು, ಗಟ್ಟಿ ಮೊಸರು ಎಂದು ಹೊತ್ತು ಹೊತ್ತಿಗೆ ತುರುಕಿದರು. ತೋಳು ಗಟ್ಟಿಯಾಯಿತು, ಹೊಡೆದ ಚೆಂಡು ಮೈದಾನದಾಚೆಯ ಬೇಲಿ ಮುಟ್ಟಿತು. ಕಾಲೇಜಿನ ಪಿಚರ್ ಯಾರು ಎಂದರೆ ಅರುಣಾ ಎಂದು ಎಲ್ಲರೂ ಹೇಳುವ ಹಾಗಾಯಿತು.

ಜೂನ್‌ನಲ್ಲಿ ಹೇಮಾಶ್ರೀ ಫಸ್ಟ್ ಪಿಯುಸಿಗೆ ಸೇರಿದಳು. ಒಂದು ಸಂಜೆ ಬಸ್ಸಿಗೆ ಹೊತ್ತಿದೆ ಎಂದು ಮೈದಾನದ ಅಂಚಿನಲ್ಲಿ ಕೂತಿದ್ದವಳ ಕಾಲ ಬಳಿಗೆ ಚೆಂಡು ಉರುಳಿ ಬಂತು. ಅವಳು ಎತ್ತಿಕೊಂಡು, ಅಟ್ಟಕ್ಕೆ ಎಸೆಯುವ ಅಭ್ಯಾಸದಲ್ಲೇ ಮೊಣಕಾಲು ಬಗ್ಗಿಸಿ ಬೀಸಿದಳು. ಅಷ್ಟು ದೂರದಲ್ಲಿ ಚೆಂಡು ಹಿಡಿಯಲು ಕೂತಿದ್ದ ಕ್ಯಾಚರ್ ದಿವ್ಯಾಳ ಗ್ಲೌಸಿಗೆ ಅದು ಬಡಿದ ಸದ್ದಿಗೆ ರವಿಕುಮಾರ್ ಸರ್ ಬಾಯಲ್ಲಿದ್ದ ಸೀಟಿ ಕೆಳಗೆ ಬಿತ್ತು. ಮೂರು ತಿಂಗಳಲ್ಲಿ ಹೇಮಾಶ್ರೀ ಪೂರ್ತಿ ಸುತ್ತು ತಿರುಗಿಸಿ ಎಸೆಯುವುದನ್ನು ಕಲಿತಳು. ಅವಳ ಎಸೆತಕ್ಕೆ ಅರುಣಾ ಬ್ಯಾಟು ಹಿಡಿದು ನಿಂತರೆ ಹತ್ತರಲ್ಲಿ ಏಳು ಚೆಂಡು ಕಾಣುತ್ತಲೇ ಇರಲಿಲ್ಲ.

ಅದನ್ನೂ ಅರುಣಾ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಸರ್‌ಗೆ ಈ ಹುಡುಗಿಯ ಬಲದ ಗುಟ್ಟು ನೋಡಬೇಕೆನ್ನಿಸಿ, ಒಂದು ಭಾನುವಾರ ಇಡೀ ತಂಡವನ್ನು ಕಣಕಟ್ಟೆಗೆ, ಅರುಣಾಳ ಮನೆಯ ಅಂಗಳಕ್ಕೇ ಕರೆತಂದರು. ಶಿವಗಂಗಮ್ಮ ಎಲ್ಲರಿಗೂ ಉಪ್ಪಿಟ್ಟು ಮಾಡಿದರು. ಹುಡುಗಿಯರು ಸಾಲಾಗಿ ನಿಂತು ಅಟ್ಟಕ್ಕೆ ಕಾಯಿ ಎಸೆದು ನೋಡಿದರು. ಅರುಣಾ ಎಸೆದ ಕಾಯಿ ಅಟ್ಟದ ತೊಲೆಗೆ ಬಡಿದು ವಾಪಸ್ಸು ಬಂದು, ಅವಳು ಹಾರಿ ಪಕ್ಕಕ್ಕೆ ಸರಿಯಬೇಕಾಯಿತು. ಹೇಮಾಶ್ರೀ ಎಸೆಯುತ್ತಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಿದರು, ಗಂಗಾಧರಪ್ಪನವರೂ ತಟ್ಟಿದರು. ತನ್ನ ಮನೆ, ತನ್ನ ಅಂಗಳ, ತನ್ನಪ್ಪನ ಕಾಯಿ, ಚಪ್ಪಾಳೆ ಮಾತ್ರ ಕೆಲಸದವರ ಮಗಳಿಗೆ! ಇದಕ್ಕೆ ಹೊಟ್ಟೆಕಿಚ್ಚು ಎಂಬ ಹೆಸರು ಮೊದಲಿಂದಲೂ ಇದೆ. ಅರುಣಾ ಅದಕ್ಕೆ ಅನ್ಯಾಯ ಎಂದು ಹೆಸರಿಟ್ಟುಕೊಂಡಳು. ತಾನು ಎಂಟು ತಿಂಗಳು ಬೆವರು ಹರಿಸಿದ್ದೇನೆ, ಇವಳಿಗೆ ಪುಕ್ಕಟೆ ಬಂದಿದೆ ಎಂದುಕೊಂಡಳು. ಕಾಯಿ ಎಸೆಯುವವರಿಗೆ ಬೆವರೇ ಬರುವುದಿಲ್ಲವೇನೋ!

ಶನಿವಾರ ಬೇಲೂರಿನಲ್ಲಿ ಜಿಲ್ಲಾ ತಂಡದ ಆಯ್ಕೆ ಇತ್ತು. ಪಿಚರ್ ಜಾಗ ಉಳಿದಿದ್ದುದು ಒಂದೇ. ಅರುಣಾಳಿಗೆ ಅದು ಸಿಕ್ಕರೆ ಪೇಪರಿನಲ್ಲಿ ಫೋಟೊ, ನೆಂಟರ ಮುಂದೆ ಹೆಮ್ಮೆ. ಹೇಮಾಶ್ರೀಗೆ ಸಿಕ್ಕರೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಸೀಟು, ಊಟ ವಸತಿ ಸಮೇತ ಡಿಗ್ರಿಯವರೆಗೆ ಓದು. ಸಿಗದಿದ್ದರೆ ಈ ವರ್ಷವೇ ಕಾಲೇಜು ಬಿಡಿಸಿ ಗಾರ್ಮೆಂಟ್ಸಿಗೆ ಹಾಕುವುದೆಂದು ಬೋರಯ್ಯ ತೀರ್ಮಾನ ಮಾಡಿಯಾಗಿತ್ತು. ಇದು ಅರುಣಾಳಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಹೇಮಾಶ್ರೀಯೇ ಬಸ್ಸಿನಲ್ಲಿ ಪಕ್ಕ ಕೂತು ಹೇಳಿದ್ದಳು.

ಮಂಗಳವಾರ ಸಂಜೆ ಸರ್ ಇಬ್ಬರನ್ನೂ ಕರೆದು ಕಟ್ಟುನಿಟ್ಟಾಗಿ ಹೇಳಿದರು: ಗುರುವಾರ, ಶುಕ್ರವಾರ ಕೈಗೆ ಪೂರ್ತಿ ವಿಶ್ರಾಂತಿ. ಭಾರ ಎತ್ತುವಾಗ ಸ್ನಾಯು ಹರಿಯುತ್ತೆ, ಸುಮ್ಮನಿದ್ದಾಗ ಕೂಡಿಕೊಂಡು ಗಟ್ಟಿಯಾಗುತ್ತೆ. ಎರಡು ದಿನ ಚೆಂಡೂ ಮುಟ್ಟಬೇಡಿ, ಕೊಡಪಾನವನ್ನೂ ಎತ್ತಬೇಡಿ. ಹೇಮಾಶ್ರೀ ತಲೆಯಾಡಿಸಿದಳು. ಅರುಣಾಳೂ ತಲೆಯಾಡಿಸಿದಳು. ಮಾರನೆಯ ಬೆಳಿಗ್ಗೆಯೇ ಅಪ್ಪನಿಗೆ ರೊಟ್ಟಿ ಬಡಿಸುತ್ತಾ ಆ ಮಾತು ಆಡಿದಳು.

ಅಂಗಳದಲ್ಲಿದ್ದುದು ನಾಲ್ಕು ಸಾವಿರ ಕಾಯಿ. ಮೇಲೆ ಹಿಡಿಯುವುದಕ್ಕೆ ಇನ್ನೊಬ್ಬ ಆಳು ಜವರಪ್ಪ, ಕೆಳಗೆ ಬೋರಯ್ಯ ಮತ್ತು ಮಗಳು. ಗುರುವಾರ ಸಂಜೆ ಅರುಣಾ ಕಾಲೇಜಿನಿಂದ ಬಂದಾಗ ರಾಶಿ ಅರ್ಧ ಕರಗಿತ್ತು. ಹೇಮಾಶ್ರೀ ಅವಳನ್ನು ನೋಡಿ ನಕ್ಕಳು. ಬೋರಯ್ಯ ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡು, ಏನೋ ಹೇಳುವುದಕ್ಕೆ ಬಾಯಿ ತೆರೆದ. ಅರುಣಾ ಓದುವುದಿದೆ ಎಂದು ಒಳಗೆ ನುಗ್ಗಿದಳು.

ಶುಕ್ರವಾರ ಅವಳು ಕಾಲೇಜಿಗೆ ಹೋಗದೆ ಮನೆಯಲ್ಲೇ ಉಳಿದು, ಕಿಟಕಿಯಿಂದ ನೋಡಿದಳು. ಹೇಮಾಶ್ರೀ ಬಲಗೈ ಬಿಟ್ಟು ಎಡಗೈಯಲ್ಲಿ ಎಸೆಯಲು ನೋಡುತ್ತಿದ್ದಳು. ಒಂದು ಕಾಯಿ ಹೇಗೋ ಹೋಯಿತು, ಇನ್ನೊಂದು ಜವರಪ್ಪನ ಮೊಣಕೈಗೆ ಬಡಿಯಿತು. ನೆಟ್ಟಗೆ ಎಸಿ ಇಲ್ಲಾ ಮನೆಗೆ ಹೋಗು ಎಂದು ಅವನು ಮೇಲಿಂದ ಬೈದ. ಹೇಮಾಶ್ರೀ ಮತ್ತೆ ಬಲಗೈಗೆ ಬಂದಳು. ಅವಳು ಯಾಕೆ ಕೈ ಬದಲಿಸಿದಳು ಎಂಬುದು ಆ ಅಂಗಳದಲ್ಲಿ ಯಾರಿಗೂ ತಿಳಿಯಲಿಲ್ಲ, ಕಿಟಕಿಯಲ್ಲಿ ನಿಂತವಳೊಬ್ಬಳಿಗೆ ಬಿಟ್ಟು. ಅಷ್ಟರಲ್ಲಿ ಶಿವಗಂಗಮ್ಮ ಹಿಂದೆ ಬಂದು, "ನಾಳೆ ಆ ಹುಡುಗಿಗೂ ಆಟ ಅಲ್ವೇನೇ? ಸಾಕು ಅಂತ ಹೇಳಿ ಕಳ್ಸಲಾ?" ಎಂದರು. ಆ ಹೊತ್ತಿಗೆ ಹೂಂ ಎಂದಿದ್ದರೆ ಮುಗಿದಿತ್ತು. "ಅವಳಿಗೆ ಅಭ್ಯಾಸ ಇದೆಯಮ್ಮ" ಎಂದಳು ಅರುಣಾ. ಕಿಟಕಿಯ ಬಾಗಿಲು ಮುಚ್ಚಿದಳು. ಸಂಜೆಯವರೆಗೂ ಅಟ್ಟದ ಮೇಲೆ ಕಾಯಿ ಬೀಳುವ ಸದ್ದು ಕೇಳುತ್ತಲೇ ಇತ್ತು.

ಬೇಲೂರಿನ ಮೈದಾನದಲ್ಲಿ ಆಯ್ಕೆಗೆ ಕೂತವರು ಮೂವರು. ಮೊದಲು ಪ್ರತಿ ಪಿಚರ್‌ಗೂ ಇಪ್ಪತ್ತು ಚೆಂಡು. ಅರುಣಾ ತನ್ನ ಇಪ್ಪತ್ತನ್ನು ನಿಧಾನಕ್ಕೆ, ತಪ್ಪಿಲ್ಲದೆ ಎಸೆದಳು. ಹೇಮಾಶ್ರೀಯ ಮೊದಲ ಮೂರು ಚೆಂಡು ಹೋದ ರಭಸಕ್ಕೆ ಆಯ್ಕೆಯವರು ಕುರ್ಚಿಯಲ್ಲಿ ಮುಂದಕ್ಕೆ ಬಂದು ಕೂತರು. ನಾಲ್ಕನೆಯದು ನೆಲಕ್ಕೆ ಬಡಿಯಿತು. ಐದನೆಯದು ಕ್ಯಾಚರ್ ತಲೆಯ ಮೇಲೆ ಹೋಯಿತು. ಹತ್ತಾಗುವ ಹೊತ್ತಿಗೆ ಅವಳ ಚೆಂಡು ಊರ ಮಕ್ಕಳು ಎಸೆಯುವ ಚೆಂಡಾಗಿತ್ತು. ಪ್ರತಿ ಎಸೆತ ಆದ ಮೇಲೂ ಅವಳು ಬಲಗೈಯನ್ನು ಒಮ್ಮೆ ಒದರಿ, ಯಾರೂ ನೋಡಲಿಲ್ಲ ತಾನೇ ಎಂಬಂತೆ ಸುತ್ತ ನೋಡುತ್ತಿದ್ದಳು.

ಆಮೇಲೆ ಅವಳ ಎಸೆತಕ್ಕೆ ಅರುಣಾಳನ್ನೇ ಬ್ಯಾಟಿಗೆ ನಿಲ್ಲಿಸಿದರು. ಎಂಟು ತಿಂಗಳು ಟೈರಿಗೆ ಬಾರಿಸಿದ ಕೈ, ಎದುರಿಗೆ ಸೋತುಹೋದ ತೋಳು. ಮೊದಲನೆಯದನ್ನೇ ಅರುಣಾ ಬೇಲಿಯಾಚೆ ಕಳಿಸಿದಳು. ಎರಡನೆಯದನ್ನೂ. ಚಪ್ಪಾಳೆ ಬಿತ್ತು. ಅಂಗಳದಲ್ಲಿ ಸಿಗದ ಚಪ್ಪಾಳೆ ಇಲ್ಲಿ ಸಿಕ್ಕಿತು, ಮತ್ತು ಅದು ಬೀಳುತ್ತಿದ್ದ ಹಾಗೇ ಅರುಣಾಳಿಗೆ ಮೈಮೇಲೆ ಸಗಣಿ ನೀರು ಹೊಯ್ದ ಹಾಗಾಯಿತು. ಸಾಕು ನಿಲ್ಲಿಸಿ ಎನ್ನಬೇಕೆನ್ನಿಸಿತು. ಅಷ್ಟರಲ್ಲಿ ಆಯ್ಕೆಯವರಲ್ಲಿ ಹಿರಿಯರೊಬ್ಬರು ಎದ್ದು ಬಂದು ಹೇಮಾಶ್ರೀಯನ್ನು ಕೇಳಿದರು.

"ಕೈಗೆ ಏನಾದ್ರೂ ನೋವಿದೆಯೇನಮ್ಮ? ಇದ್ರೆ ಹೇಳು. ಬೇಕಾದ್ರೆ ಬರೋ ವಾರ ಹಾಸನಕ್ಕೆ ಬಂದು ಎಸೆದು ತೋರಿಸುವಂತೆ."

ಹೇಮಾಶ್ರೀ ಅರುಣಾಳ ಕಡೆ ನೋಡಿದಳು. ನೋವಿದೆ ಎಂದರೆ ಹೇಗೆ ಬಂತು ಎಂಬ ಪ್ರಶ್ನೆ ಬರುತ್ತದೆ, ಕಾಯಿ ಕೆಲಸ ಎನ್ನಬೇಕಾಗುತ್ತದೆ, ಯಾರ ಮನೆಯದು ಎನ್ನುತ್ತಾರೆ, ಆ ಮನೆಯವಳು ಎದುರಿಗೇ ನಿಂತಿದ್ದಾಳೆ. ಅರುಣಾ ಒಂದು ಮಾತು ಆಡಿದರೆ ಸಾಕಾಗಿತ್ತು. ನಮ್ಮನೆಯಲ್ಲಿ ಎರಡು ದಿನ ದುಡಿದಿದ್ದಾಳೆ ಸರ್, ಇನ್ನೊಂದು ವಾರ ಕೊಡಿ. ಇಷ್ಟೇ. ರೊಟ್ಟಿ ಬಡಿಸುವಾಗ ಅಷ್ಟು ಚುರುಕಾಗಿದ್ದ ನಾಲಿಗೆ ಈಗ ಏಳಲಿಲ್ಲ.

"ಇಲ್ಲ ಸರ್, ಏನಿಲ್ಲ" ಎಂದಳು ಹೇಮಾಶ್ರೀ.

ಹೆಸರು ಓದಿದರು. ಅರುಣಾ ಗಂಗಾಧರಪ್ಪ, ಕಣಕಟ್ಟೆ. ರವಿಕುಮಾರ್ ಸರ್ ಅವಳ ಬೆನ್ನು ತಟ್ಟಿ, ಬಲ ಬೆಳೆಸೋದು ಅಂದ್ರೆ ಹೀಗೆ, ನೋಡಿ ಕಲಿತುಕೊಳ್ಳಿ ಎಂದು ಉಳಿದ ಹುಡುಗಿಯರಿಗೆ ಹೇಳಿದರು. ಹೇಮಾಶ್ರೀಗೆ ಬೈದರು. ವಿಶ್ರಾಂತಿ ಮಾಡು ಎಂದರೆ ಏನು ಮಾಡಿದೆ, ಕೈಗೆ ಬಂದ ಹಾಸ್ಟೆಲ್ ಸೀಟು ಕಳೆದುಕೊಂಡೆಯಲ್ಲ ಎಂದರು. ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ಪಕ್ಕದಲ್ಲಿ ಅರುಣಾಳೂ ತಲೆ ತಗ್ಗಿಸಿ ನಿಂತಿದ್ದಳು. ಗೆದ್ದವಳಿಗೆ ಎಷ್ಟು ವಿನಯ ಎಂದು ಯಾರೋ ಮೆಚ್ಚಿಕೊಂಡರು.

ಸರ್ ಮತ್ತು ಉಳಿದವರು ಊಟಕ್ಕೆಂದು ಬೇಲೂರಿನಲ್ಲೇ ಉಳಿದರು. ಹೇಮಾಶ್ರೀ ಊಟ ಬೇಡ ಎಂದು ಮೊದಲ ಬಸ್ಸಿಗೆ ಹೊರಟಳು, ಅರುಣಾ ಅವಳ ಹಿಂದೆಯೇ ಹೋದಳು. ಬಸ್ಸು ತುಂಬಿತ್ತು. ಎಲ್ಲರೂ ಮೇಲಿನ ಕಂಬಿ ಹಿಡಿದು ನಿಂತರೆ ಹೇಮಾಶ್ರೀಗೆ ಬಲಗೈ ಎತ್ತಲಾಗಲಿಲ್ಲ. ಎಡಗೈಯಲ್ಲಿ ಸೀಟಿನ ಬೆನ್ನು ಹಿಡಿದು, ತಿರುವು ಬಂದಾಗೆಲ್ಲ ಅರುಣಾಳ ಮೈಗೆ ಒರಗುತ್ತಿದ್ದಳು. ಹಳೇಬೀಡಿನಲ್ಲಿ ಜನ ಇಳಿದು ಇಬ್ಬರಿಗೂ ಸೀಟು ಸಿಕ್ಕಿತು.

ಕೆರೆ ಏರಿ ದಾಟಿದ ಮೇಲೆ ಹೇಮಾಶ್ರೀಯೇ ಮಾತು ಶುರು ಮಾಡಿದಳು.

"ನಾನು ಬ್ಯಾಡ ಅಂತ ಹೇಳಿದ್ದೆ ಕಣಕ್ಕ. ಸರ್ ಕೈ ಉಳಿಸ್ಕೋ ಅಂದವ್ರೆ, ಭಾನುವಾರ ಹಾಕಿಕೊಡಾಣ ಅಂದೆ. ನಮ್ಮಪ್ಪ ಕೇಳ್ಲಿಲ್ಲ. ಯಜಮಾನ್ರು ಹೇಳಿದ್ರಂತೆ, ನಮ್ಮ ಅರುಣಾನೇ ನಿಮ್ಮನ್ನ ಹೆಸರು ಹಿಡಿದು ಕೇಳವ್ಳೆ, ನಿನ್ನ ಮಗಳಂಗೆ ಯಾರೂ ಎಸೆಯಲ್ವಂತೆ ಅಂತ. ಅಷ್ಟಕ್ಕೆ ಉಬ್ಬಿಹೋದ. ಇಪ್ಪತ್ತು ವರ್ಷ ಆಯ್ತು, 'ಯಾರನ್ನಾದ್ರೂ ಕರ್ಕಂಬಾ' ಅಂತ್ಲೇ ಕರೆಸೋರು. ಹೆಸರು ಹಿಡಿದು ಕರೆಸಿದ್ದು ಇದೇ ಮೊದಲು. ಎರಡು ದಿನಾನೂ ಎದುರಿಗೆ ಸಿಕ್ಕಿದೋರಿಗೆಲ್ಲ ಹೇಳ್ಕಂಡು ತಿರುಗಿದ. ಅಂಥ ಹೊತ್ನಾಗೆ ನಾನು ಬರಕಿಲ್ಲ ಅನ್ನಕಾಯ್ತದಾ?"

ಅರುಣಾಳಿಗೆ ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಎನ್ನಿಸಿತು, ಆದರೆ ಓಡುವ ಬಸ್ಸಿಗೆ ನೆಲ ಎಲ್ಲಿಂದ ಬರಬೇಕು. ಈ ಹುಡುಗಿ ಇನ್ನೂ ತನ್ನನ್ನು ನಂಬಿದ್ದಾಳೆ ಎಂಬುದೇ ಅವಳಿಗೆ ತಾಳಲಾರದ್ದಾಯಿತು. ಬೈದಿದ್ದರೆ, ಅನುಮಾನ ಪಟ್ಟಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಾ ಹೇಳಿಬಿಟ್ಟಳು.

"ನಾನು ಬೇಕಂತಲೇ ಮಾಡಿದ್ದು ಹೇಮಾ. ನಿನ್ ಕೈ ಸೋಲಲಿ ಅಂತಲೇ ನಿಮ್ಮನ್ನ ಕರೆಸಿದ್ದು. ಮಳೆ ಅಂದಿದ್ದೆಲ್ಲ ಸುಳ್ಳು."

ಹೇಮಾಶ್ರೀಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅವಳು ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಅದನ್ನೇ ನೋಡಿದಳು. ಅರುಣಾ ಗಡಬಡಿಸಿ ಮಾತಾಡುತ್ತಲೇ ಹೋದಳು. ಸೋಮವಾರವೇ ಸರ್‌ಗೆ ಎಲ್ಲ ಹೇಳುತ್ತೇನೆ, ಅಪ್ಪಾಜಿಗೂ ಹೇಳುತ್ತೇನೆ, ನಿಮ್ಮಪ್ಪನ ಕಾಲು ಹಿಡಿಯುತ್ತೇನೆ, ನನ್ನ ಹೆಸರು ತೆಗೆಸಿ ನಿನ್ನನ್ನು ಮತ್ತೆ ನೋಡಿ ಎಂದು ಹಾಸನಕ್ಕೇ ಹೋಗಿ ಕೇಳುತ್ತೇನೆ ಎಂದಳು. ಹೇಮಾಶ್ರೀ ಎದ್ದು, ಮುಂದೆ ಕಂಡಕ್ಟರ್ ಪಕ್ಕ ಖಾಲಿಯಾದ ಸೀಟಿಗೆ ಹೋಗಿ ಕೂತಳು. ಜಾವಗಲ್ಲು ಬಂತು, ಹೋಯಿತು. ಅವಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಅರಸೀಕೆರೆಯ ಬಸ್ ಸ್ಟ್ಯಾಂಡಿನೊಳಗೆ ಬಸ್ಸು ತಿರುಗುವಾಗ ಮಾತ್ರ ಬಾಗಿಲ ಬಳಿ ಅರುಣಾಳಿಗಾಗಿ ನಿಂತಳು. ಈ ಸಲ ಅಕ್ಕ ಎನ್ನಲಿಲ್ಲ.

"ಸರ್‌ಗೆ ಹೇಳಿದ್ರೆ ಅದು ನಿಮ್ಮಪ್ಪಂಗೆ ಹೋಯ್ತದೆ, ನಿಮ್ಮಪ್ಪನಿಂದ ನಮ್ಮಪ್ಪಂಗೆ ಬತ್ತದೆ. ನಮ್ಮಪ್ಪಂಗೆ ಗೊತ್ತಾಗಬಾರದು. ನಾನೇ ಸೋತೆ ಅಂತ ಅಂದ್ಕಳ್ಳಿ. ನೀನು ಯಾರ್‌ಗೂ ಏನೂ ಹೇಳ್ಬ್ಯಾಡ."

"ನಿನ್ನ ಸೀಟು…" ಎಂದಳು ಅರುಣಾ.

"ನಾನು ಸೀಟಿನ್ ಮಾತು ಆಡ್ತಿಲ್ಲ" ಎಂದು ಹೇಮಾಶ್ರೀ ಇಳಿದಳು.

ಬೋರಯ್ಯ ಸ್ಟ್ಯಾಂಡಿಗೇ ಬಂದಿದ್ದ. ಒಗೆದ ಅಂಗಿ ಹಾಕಿಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡು, ಬಂದ ಬಸ್ಸಿಗೆಲ್ಲ ಇಣುಕಿ ನೋಡುತ್ತಾ ಮಧ್ಯಾಹ್ನದಿಂದ ಕಾದಿದ್ದನಂತೆ. ಮಗಳ ಮುಖ ನೋಡಿದೊಡನೆ ಅವನಿಗೆ ತಿಳಿಯಿತು. ಆಮೇಲೆ ಅವಳ ಬ್ಯಾಗು ಇಸಿದುಕೊಂಡು ಅರುಣಾಳ ಕಡೆ ತಿರುಗಿ, ನಿನಗಾಯ್ತಾ ಅರುಣವ್ವ ಎಂದು ಕೇಳಿದ. ಅರುಣಾ ತಲೆಯಾಡಿಸಿದಳು.

"ಒಳ್ಳೇದಾಯ್ತು ಬಿಡವ್ವ. ನಮ್ಮೂರಿಗೇ ಬಂತಲ್ಲ. ಇವ್ಳಿಗೆ ಆಟ ಹತ್ತಲ್ಲ ಅಂತ ಇವತ್ತು ಗೊತ್ತಾಯ್ತು, ಸುಮ್ನೆ ಆಸೆ ಇಟ್ಕಂಡಿದ್ವಿ. ಬರೋ ತಿಂಗ್ಳಿಂದ ಗಾರ್ಮೆಂಟ್ಸ್‌ಗೆ ಹೋಯ್ತಾಳೆ." ಅವನು ಒಂದು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸಿದ. "ಅವತ್ತಿಂದ ನಿಂಗೆ ಒಂದು ಮಾತು ಹೇಳ್ಬೇಕು ಅಂತಿದ್ದೆ. ನಮ್ಮ ಹೆಸರೇ ಹೇಳಿ ಕರೆಸ್ದೆ ನೋಡು. ನಿಮ್ಮನೆ ಬಾಗ್ಲಲ್ಲಿ ಮುಕ್ಕಾಲು ಆಯಸ್ಸು ಕಳೆದಿವ್ನಿ, ನೀನು ಮಾಡಿದಂಗೆ ನಮ್ಮನ್ನ ಯಾರೂ ಎಣಿಸಿರಲಿಲ್ಲ."

ಅರುಣಾ ಹೇಮಾಶ್ರೀಯ ಕಡೆ ನೋಡಿದಳು. ಹೇಮಾಶ್ರೀ ಅಪ್ಪನ ಹಿಂದೆ ನಿಂತು, ರೆಪ್ಪೆ ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು. ಇಷ್ಟು ಜನರ ಮುಂದೆ ಬೋರಯ್ಯನ ಕಾಲಿಗೆ ಬಿದ್ದು ಎಲ್ಲ ಕಕ್ಕಿಕೊಂಡಿದ್ದರೆ ಅರುಣಾಳಿಗೆ ಎದೆ ಹಗುರವಾಗುತ್ತಿತ್ತು. ಆ ಹಗುರವೂ ಆ ಹುಡುಗಿಯ ಕೈಯಿಂದಲೇ ಕಿತ್ತುಕೊಂಡದ್ದಾಗುತ್ತಿತ್ತು.

"ಮುಂದಿನ್ ಸಲಾನೂ ನಮ್ಮನ್ನೇ ಕರೆಸವ್ವ" ಎಂದ ಬೋರಯ್ಯ.

"ಆಗ್ಲಿ ಬೋರಣ್ಣ" ಎಂದಳು ಅರುಣಾ.

ಅವನು ಎರಡೂ ಕೈ ಜೋಡಿಸಿ ಅವಳಿಗೆ ನಮಸ್ಕಾರ ಮಾಡಿದ. ಅರುಣಾ ಅದನ್ನು ತೆಗೆದುಕೊಂಡಳು.